ಅಜ್ಜಿಯ ಬಾಯಿಪಾಠ, ಮುದುಕನ ಅರ್ಥ

ಆ ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಖಾತ್ರಿಯಾಗಿದ್ದು ಒಂದು ಮಂಗಳವಾರ ಬೆಳಗಿನ ರೌಂಡ್ಸ್‌ನಲ್ಲಿ. ಅದಕ್ಕೂ ಮುಂಚೆ ಅನುಮಾನ ಇರಲಿಲ್ಲವೇ ಎಂದರೆ, ಇತ್ತು. ನನಗೆ ಯಾರ ಮೇಲೆ ಅನುಮಾನ ಇಲ್ಲ ಹೇಳಿ? ಮನೆಯಲ್ಲಿ ಗಂಡ ನನಗಿಟ್ಟಿರುವ ಹೆಸರೇ ಅನುಮಾನದ ಪಿಶಾಚಿ. ಹಾಲಿನ ಡಬ್ಬಿಯ ಮೇಲೆ ಅಚ್ಚಾದ ತಾರೀಖನ್ನು ನಂಬದೆ ಮೂಸಿ ನೋಡುವವಳು ನಾನು. ಬಾಗಿಲಿಗೆ ಬೀಗ ಹಾಕಿ, ಕಾರಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುತ್ತೇನೆ. ಈ ಸ್ವಭಾವದಿಂದ ಮನೆಯಲ್ಲಿ ಎಷ್ಟು ಜಗಳವಾಗಿದೆಯೋ ಆಸ್ಪತ್ರೆಯಲ್ಲಿ ಅಷ್ಟೇ ಉಪಯೋಗವಾಗಿದೆ.

ನಾನು ಡಾಕ್ಟರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೂ ಡರ್ಬಿಗೂ ನಡುವೆ ಎಲ್ಲೋ ಇರುವ ಒಂದು ಸಣ್ಣ ಆಸ್ಪತ್ರೆ. ಸ್ಟ್ರೋಕ್ ಆಗಿ ಜೀವ ಉಳಿಸಿಕೊಂಡವರು ಮತ್ತೆ ನಡೆಯುವುದನ್ನು, ನುಂಗುವುದನ್ನು, ಮಾತಾಡುವುದನ್ನು ಕಲಿಯಲು ನಮ್ಮ ವಾರ್ಡಿಗೆ ಬರುತ್ತಾರೆ. ಕೆಲವರು ಮನೆಗೆ ಹೋಗುತ್ತಾರೆ, ಕೆಲವರು ನರ್ಸಿಂಗ್ ಹೋಮಿಗೆ. ಯಾರು ಎಲ್ಲಿಗೆ ಎಂಬುದು ಶುಕ್ರವಾರದ ಮೀಟಿಂಗಿನಲ್ಲಿ ತೀರ್ಮಾನವಾಗುತ್ತದೆ. ರೋಗಿಯ ಗುರುತು ಹತ್ತಬಾರದೆಂದು ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ. ನನ್ನ ಗುರುತು ಹತ್ತಿದರೆ ಚಿಂತೆಯಿಲ್ಲ.

ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜಿ ಜಪಾನಿನವಳು. ಇಲ್ಲಿನ ಇಂಗ್ಲಿಷ್ ಗಂಡಸನ್ನು ಮದುವೆಯಾಗಿ, ವಯಸ್ಸೆಲ್ಲ ಇಲ್ಲೇ ಕಳೆದವಳು. ಸ್ಟ್ರೋಕ್‌ನಲ್ಲಿ ಆಕೆಯ ಬಲಗೈ ಬಲಗಾಲು ಹೋದವು, ಜೊತೆಗೆ ಇಂಗ್ಲಿಷೂ ಹೋಯಿತು. ಇದು ಅಪರೂಪವೇನಲ್ಲ. ಎರಡು ಭಾಷೆಯವರಿಗೆ ಮಿದುಳಿಗೆ ಪೆಟ್ಟು ಬಿದ್ದಾಗ, ಆಮೇಲೆ ಕಲಿತ ಭಾಷೆ ಪೂರ್ತಿ ಹೋಗಿ ಮೊದಲಿನದು ಒಂದಿಷ್ಟು ಉಳಿಯುವುದುಂಟು. ಅಜ್ಜಿಗೂ ಉಳಿದಿತ್ತು. ಬಾಯಿ ತೆರೆದರೆ ಜಪಾನಿಯಲ್ಲಿ ಏನೋ ನಾಲ್ಕು ಮಾತು, ಆಮೇಲೆ ಗಪ್ಪನೆ ಮೌನ. ನಾವು ಏನು ಕೇಳಿದರೂ ಅದೇ. ಆಕೆಗೆ ನಮ್ಮ ಮಾತು ತಿಳಿಯುತ್ತದೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆಕೆ ಬಂದ ಹೊಸದರಲ್ಲಿ ಫೋನಿನ ಮೇಲೆ ಜಪಾನಿ ದುಭಾಷಿಯನ್ನು ಕರೆಸಿದ್ದರಂತೆ. ಅಂದು ಅಜ್ಜಿ ನಿದ್ದೆಗಣ್ಣಿನಲ್ಲಿ ತುಟಿ ಬಿಚ್ಚಲಿಲ್ಲ. ಆಮೇಲೆ ಆಕೆಯ ಗಂಡ, ಈ ಮುದುಕ, "ನಾನಿದ್ದೇನಲ್ಲ, ನಾನೇ ಹೇಳ್ತೇನೆ" ಎಂದ. ಎಲ್ಲರಿಗೂ ಕೆಲಸ ಸುಲಭವಾಯಿತು.

ಮುದುಕ ದಿನವೂ ಮಧ್ಯಾಹ್ನ ಬರುತ್ತಿದ್ದ, ಕೆಲವು ದಿನ ನರ್ಸುಗಳನ್ನು ಕಾಡಿಸಿ ಬೆಳಗ್ಗೆಯೇ ಒಳಗೆ ನುಸುಳುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಫ್ಲಾಸ್ಕಿನಲ್ಲಿ ಚಹಾ. ಈ ಕಡೆಯ ಹಳಬರೆಲ್ಲ ಎದುರಿಗೆ ಸಿಕ್ಕವರನ್ನು ಡಕ್ ಎಂದು ಕರೆಯುತ್ತಾರೆ, ನಮ್ಮಲ್ಲಿ ತಂಗಿ, ಅವ್ವಾ ಅನ್ನುವ ಹಾಗೆ. ಅವನಿಗೆ ನಾನೂ ಡಕ್, ನೆಲ ಒರೆಸುವವಳೂ ಡಕ್.

ಆ ಮಂಗಳವಾರ ನಾನು ಅಜ್ಜಿಯ ಹೆಗಲು ಮುಟ್ಟಿ ನೋವಿದೆಯೇ ಎಂದು ಕೇಳಿದೆ. ಅಜ್ಜಿ ನನ್ನ ಮುಖ ನೋಡಿ ಅಂದಳು, "ಕೊ, ಕಿ, ಕು, ಕುರು, ಕುರೆ, ಕೊಯೊ."

"ನೋವಿಲ್ವಂತೆ ಡಕ್. ಮನೆಗೆ ಹೋಗಬೇಕಂತೆ," ಎಂದ ಮುದುಕ.

ನಾನು ತಲೆಯಾಡಿಸಿ ಪಕ್ಕದ ಹಾಸಿಗೆಗೆ ಹೋದೆ. ಅಲ್ಲಿ ನಿಂತಿರುವಾಗ ಫಿಸಿಯೋದ ಹುಡುಗಿ ಬಂದು ಅಜ್ಜಿಯನ್ನು ಕುರ್ಚಿಗೆ ಎತ್ತಿ ಕೂರಿಸಲೇ ಎಂದಳು. ಅಜ್ಜಿ ಅಂದದ್ದು ನನ್ನ ಕಿವಿಗೆ ಬಿತ್ತು. "ಕೊ, ಕಿ, ಕು, ಕುರು, ಕುರೆ, ಕೊಯೊ."

"ತೋಟದ ಗುಲಾಬಿ ಕತ್ತರಿಸಿದ್ಯಾ ಅಂತ ಕೇಳ್ತಿದ್ದಾಳೆ," ಎಂದು ಮುದುಕ ನಕ್ಕ. ಹುಡುಗಿಯೂ ನಕ್ಕಳು.

ನನ್ನ ಪೆನ್ನು ಕೈಯಲ್ಲೇ ನಿಂತಿತು. ಅದೇ ಮಾತು, ಅದೇ ಅಕ್ಷರ. ಈಗಷ್ಟೇ ಅದಕ್ಕೆ ಮನೆಗೆ ಹೋಗಬೇಕು ಎಂಬ ಅರ್ಥವಿತ್ತು, ಹಾಸಿಗೆ ದಾಟುವುದರೊಳಗೆ ಗುಲಾಬಿ ಆಯಿತೇ? ಯಾರ ಕಿವಿಯ ಮೇಲೆ ಹೂವಿಡುತ್ತಿದ್ದಾನೆ ಇವನು?

ನನಗೆ ಈ ಆಟ ಹೊಸದಲ್ಲ. ಮೊದಲು ಲೀಡ್ಸ್‌ನಲ್ಲಿ ಟ್ರೇನಿಂಗಿನಲ್ಲಿದ್ದಾಗ ನಮ್ಮ ಧಾರವಾಡದ ಕಡೆಯವರೇ ಒಬ್ಬ ತಾಯಿ ವಾರ್ಡಿನಲ್ಲಿದ್ದರು. ಮಗ ಪಕ್ಕದಲ್ಲಿ ನಿಂತು ದುಭಾಷಿಯಾಗಿದ್ದ. ನಾನು ಮಾಸ್ಕ್ ಹಾಕಿಕೊಂಡು ಹಿಂದೆ ನಿಂತಿದ್ದೆ, ನಾನು ಯಾವ ಊರಿನವಳೆಂದು ಅವನಿಗೇನು ಗೊತ್ತು. ತಾಯಿ ಅಂದರು, "ನನ್ನ ಊರಿಗೆ ಕಳಸಪಾ, ಇಲ್ಲಿ ಒಲ್ಲೆ ನಾ." ಮಗ ದೊಡ್ಡ ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಅಮ್ಮನಿಗೆ ಇಲ್ಲಿ ಎಲ್ಲ ಆರಾಮಾಗಿದೆಯಂತೆ ಎಂದ. ನಾನು ಮಾಸ್ಕ್ ತೆಗೆದು "ಏನಂದ್ರಿ ಅವ್ವಾ? ಇನ್ನೊಮ್ಮೆ ಹೇಳ್ರಿ" ಅಂದಾಗ ಆ ಮಗನ ಮುಖ ನೋಡಬೇಕಿತ್ತು. ಅಂದಿನಿಂದ ಮನೆಯವರು ಅರ್ಥ ಹೇಳಲು ಬಾಯಿ ತೆರೆದರೆ ಸಾಕು, ನನ್ನ ಮೈಯೆಲ್ಲ ಕಿವಿಯಾಗುತ್ತದೆ. ಆದರೆ ಅಲ್ಲಿ ನನಗೆ ಭಾಷೆ ಗೊತ್ತಿತ್ತು. ಇಲ್ಲಿ ಜಪಾನಿಯಲ್ಲಿ ನಾನು ಶುದ್ಧ ಬೆಪ್ಪು.

ನಮ್ಮ ವಾರ್ಡಿನ ಸ್ಪೀಚ್ ಥೆರಪಿಸ್ಟ್ ಮೈಸೂರಿನ ಹುಡುಗಿ. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಮೈಸೂರು ಕನ್ನಡ, ರೋಗಿಗಳ ಜೊತೆ ಅಚ್ಚ ಡರ್ಬಿ ಇಂಗ್ಲಿಷ್. ಊಟದ ಹೊತ್ತಿನಲ್ಲಿ ಅವಳ ಹತ್ತಿರ ವಿಷಯ ಎತ್ತಿದೆ.

"ಅಯ್ಯೋ ಅಕ್ಕಾ, ನೀವು ಡಾಕ್ಟ್ರಾಗೋ ಬದ್ಲು ಪೊಲೀಸ್ ಆಗ್ಬೇಕಿತ್ತು," ಎಂದಳು ಬಾಯಲ್ಲಿ ಚಪಾತಿ ಇಟ್ಟುಕೊಂಡೇ. "ಪಾಪ ಆ ತಾತ, ಮಳೆ ಇರ್ಲಿ ಚಳಿ ಇರ್ಲಿ ಬಸ್ ಬದಲಾಯಿಸ್ಕೊಂಡು ಬರ್ತಾರೆ. ಅವ್ರ ಮೇಲೂನಾ?"

"ಪಾಪ ಅನ್ನೋದು ಆಮೇಲೆ. ಒಂದೇ ಮಾತಿಗೆ ಎರಡೆರಡು ಅರ್ಥ ಹ್ಯಾಂಗ್ ಬರ್ತದ? ಅದನ್ನ ಹೇಳು."

"ನಿಮ್ಗೆ ಒಂದೇ ಥರ ಕೇಳ್ಸಿರ್ಬೋದು. ನಂಗೆ ಆಕೆ ಮಾತು ಬರೀ ಕಲಸುಮೇಲೋಗರ ಅನ್ಸತ್ತೆ. ಜಪಾನಿ ಬಂದ್ರೆ ತಾನೇ ಗೊತ್ತಾಗೋದು? ಗಂಡಂಗೆ ಗೊತ್ತಾಗತ್ತೆ ಬಿಡಿ, ಒಟ್ಟಿಗೆ ಮುದುಕರಾದವ್ರು."

"ಅವನಿಗೂ ಬರಂಗಿಲ್ಲ ಅಂದ್ರ?"

ಅವಳು ಚಪಾತಿ ಕೆಳಗಿಟ್ಟು ನನ್ನನ್ನು ನೋಡಿದಳು. "ಛೆ, ಹೆಂಡ್ತಿ ಭಾಷೆ ಬರ್ದೇ ಇರತ್ತಾ?" ಎಂದಳು. ಆದರೂ ಮಾರನೆಯ ದಿನಕ್ಕೆ ಫೋನ್ ದುಭಾಷಿಯನ್ನು ಮತ್ತೆ ಗೊತ್ತುಮಾಡುವುದಾಗಿ ಒಪ್ಪಿಕೊಂಡಳು.

ನನಗೇಕೆ ಇಷ್ಟು ತಳಮಳ ಎಂದರೆ, ಶುಕ್ರವಾರ ಎದುರಿಗಿತ್ತು. ಮೀಟಿಂಗಿನಲ್ಲಿ ಎಲ್ಲರೂ ಒಕ್ಕೊರಲಿನಿಂದ ಹೇಳುತ್ತಿದ್ದುದು ಒಂದೇ, ಆಕೆಯೇ ಮನೆಗೆ ಹೋಗಬೇಕು ಅನ್ನುತ್ತಾಳಲ್ಲ, ಕಳಿಸಿಬಿಡೋಣ. ಆಕೆಯೇ ಅನ್ನುತ್ತಾಳೆ ಎಂಬುದಕ್ಕೆ ಆಧಾರ ಈ ಮುದುಕನ ಬಾಯಿ. ಎದ್ದು ಕೂರಲಾರದ, ನೋವಾದರೆ ಹೇಳಲಾರದ ಹೆಂಗಸನ್ನು ಅವನ ಹಿಂದೆ ಕಳಿಸಿ ಬಾಗಿಲು ಮುಚ್ಚಿಕೊಂಡರೆ ಆಮೇಲೆ ಒಳಗೆ ಏನು ನಡೆಯುತ್ತದೆ ಎಂದು ಯಾರಿಗೆ ಗೊತ್ತು? ಅವನಿಗೆ ಆಕೆಯ ಪಿಂಚಣಿ ಬೇಕೋ, ಮನೆಯಲ್ಲೊಂದು ಜೀವ ಬೇಕೋ, ಇನ್ನೇನು ಬೇಕೋ. ಒಳ್ಳೆಯವರ ಹಾಗೆ ಕಾಣುವವರನ್ನು ಕಂಡರೆ ನನಗೆ ಇನ್ನಷ್ಟು ಅನುಮಾನ.

ಮಾರನೆಯ ದಿನ ಬುಧವಾರ, ನೋಡಲು ಬರುವವರ ಹೊತ್ತು ಇನ್ನೂ ಆಗಿರಲಿಲ್ಲ. ನಾನು ಅಜ್ಜಿಯ ಹಾಸಿಗೆಯ ಬುಡದಲ್ಲಿ ನಿಂತು ಮಾತ್ರೆಗಳ ಚಾರ್ಟ್ ನೋಡುತ್ತಿದ್ದೆ. ಆಕೆ ಕುರ್ಚಿಯಲ್ಲಿ ಕೂತಿದ್ದಳು, ಮುಂದೆ ಊಟದ ಟ್ರೇ ಇಡುವ ಚಕ್ರದ ಮೇಜು. ಯಾರೂ ಏನೂ ಕೇಳಿರಲಿಲ್ಲ. ತಾನಾಗಿಯೇ ಶುರು ಮಾಡಿದಳು. "ಕೊ, ಕಿ, ಕು. ಕುರು, ಕುರೆ, ಕೊಯೊ."

ಹಿಂದಿನ ದಿನ ನಾನು ಅಕ್ಷರ ಕೇಳಿದ್ದೆ, ಈಗ ರಾಗ ಕೇಳಿದೆ. ಮೂರಕ್ಕೊಂದು ಚಿಕ್ಕ ಉಸಿರು, ಆಮೇಲೆ ದನಿ ಏರಿ, ಕೊನೆಯದಕ್ಕೆ ಧಪ್ಪೆಂದು ಇಳಿಯುವುದು. ಸಾಲು ಹೇಳಿ ಆಕೆ ನಿಲ್ಲಿಸಿದಳು. ಹುಬ್ಬು ಮೇಲೆತ್ತಿ ನನ್ನ ಕಡೆ ನೋಡಿದಳು. ಕಾದಳು.

ಆ ಹುಬ್ಬು ನನಗೆ ಗೊತ್ತಿತ್ತು! ಧಾರವಾಡದಲ್ಲಿ ಹೈಸ್ಕೂಲಿಗೆ ಹೋಗುವಾಗ ನಾನು ಸಂಸ್ಕೃತ ತೆಗೆದುಕೊಂಡವಳು. ಭಕ್ತಿಯಿಂದೇನಲ್ಲ, ಸಂಸ್ಕೃತ ತೆಗೆದುಕೊಂಡರೆ ಮಾರ್ಕ್ಸು ಕಟ್ಟಿಟ್ಟ ಬುತ್ತಿ ಎಂದು ಅರ್ಧ ಕ್ಲಾಸೇ ತೆಗೆದುಕೊಂಡಿತ್ತು. ನಮ್ಮ ಮಾಸ್ತರು ಅರ್ಥ ಗಿರ್ಥ ಹೇಳಿದವರಲ್ಲ. "ಗಚ್ಛತಿ, ಗಚ್ಛತಃ, ಗಚ್ಛಂತಿ" ಎಂದು ಒಂದು ಸಾಲು ಹೇಳಿ ನಿಲ್ಲಿಸಿ, ಹುಬ್ಬೆತ್ತುತ್ತಿದ್ದರು. ನಾವು ಇಡೀ ಕ್ಲಾಸು ಅದೇ ರಾಗದಲ್ಲಿ ಗಂಟಲು ಹರಿಯುವ ಹಾಗೆ ವಾಪಸು ಹೇಳಬೇಕು. ಹೇಳದಿದ್ದರೆ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ, ಬೆಲ್ ಹೊಡೆದರೂ ಹೋಗುತ್ತಿರಲಿಲ್ಲ. ಬಾಯಿಪಾಠ ಮಾಡಿ ಬೆಳೆದವರ ಕಿವಿಗೆ ಬಾಯಿಪಾಠ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಈ ಅಜ್ಜಿ ಮನೆಗೆ ಹೋಗಬೇಕು ಅನ್ನುತ್ತಿಲ್ಲ, ಗುಲಾಬಿಯನ್ನೂ ಕೇಳುತ್ತಿಲ್ಲ. ಪಾಠ ಹೇಳುತ್ತಿದ್ದಾಳೆ. ಇಷ್ಟು ವಾರಗಳಿಂದ ಒಂದು ಸಾಲು ಹೇಳಿ, ನಿಲ್ಲಿಸಿ, ಕ್ಲಾಸು ಉತ್ತರ ಕೊಡಲಿ ಎಂದು ಕಾಯುತ್ತಿದ್ದಾಳೆ. ಒಬ್ಬರಾದರೂ ಕೊಟ್ಟಿಲ್ಲ.

ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, ನಾಚಿಕೆಬಿಟ್ಟು, ಅದೇ ರಾಗದಲ್ಲಿ ಹೇಳಿದೆ. "ಕೊ, ಕಿ, ಕು. ಕುರು, ಕುರೆ, ಕೊಯೊ."

ಅಜ್ಜಿ ತಲೆಯಾಡಿಸಿದಳು. ಹೂಂ, ಸರಿ, ಎಂಬಂತೆ. ನೆಟ್ಟಗೆ ಕೂತಳು. ಆಮೇಲೆ ನಾನು ಎಂದೂ ಕೇಳಿರದ ಹೊಸ ಸಾಲು ಬಂತು. "ಸೆ, ಶಿ, ಸು. ಸುರು, ಸುರೆ, ಸೆಯೊ." ಹುಬ್ಬು.

ನಾನು ಗಡಿಬಿಡಿಯಲ್ಲಿ ಸುರೆಯನ್ನು ಮೊದಲು ಹೇಳಿ ಸುರುವನ್ನು ಆಮೇಲೆ ಹೇಳಿಬಿಟ್ಟೆ. ಆಕೆಯ ಎಡಗೈ ಎದ್ದಿತು. ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಟಕ್ಕೆಂದು ಕುಟ್ಟಿ, ಮತ್ತೆ ಮೊದಲಿಂದ ಹೇಳಿದಳು, ಈ ಸಲ ನಿಧಾನವಾಗಿ, ದಡ್ಡಿಗೆ ಹೇಳುವ ಹಾಗೆ.

ಏನೂ ತಿಳಿಯುವುದಿಲ್ಲ ಎಂದು ನಾವು ಬರೆದಿಟ್ಟಿದ್ದ ಹೆಂಗಸು ನನ್ನ ತಪ್ಪು ಹಿಡಿದಿದ್ದಳು.

ಕಾರಿಡಾರಿನಲ್ಲಿ ಓಡಿದೆ, ಸುಳ್ಳು ಹೇಳುವುದಿಲ್ಲ. ಯಾವುದೋ ರೋಗಿಗೆ ನುಂಗಲು ಬರುತ್ತದೆಯೇ ಎಂದು ಮೊಸರು ತಿನ್ನಿಸಿ ನೋಡುತ್ತಿದ್ದ ಮೈಸೂರಿನವಳನ್ನು ಎಳೆದು ತಂದೆ. ಅವಳು ಎದುರಿಗೆ ಕೂತು ನಾನು ಹೇಳಿಕೊಟ್ಟ ಸಾಲು ಹೇಳಿದಳು, ಅಜ್ಜಿ ತಲೆಯಾಡಿಸಿದಳು. ಮೈಸೂರಿನವಳು ಬೇಕೆಂದೇ ತಪ್ಪು ಹೇಳಿದಳು. ಟಕ್. ಇನ್ನೊಂದು ಕಡೆ ತಪ್ಪು ಹೇಳಿದಳು. ಟಕ್ ಟಕ್.

"ಅಲ್ಲಾಹ್," ಎಂದಳು ಮೈಸೂರಿನವಳು. ಅವಳ ಕಣ್ಣು ತುಂಬಿತ್ತು. "ಅಕ್ಕಾ, ಬಾಯಿಪಾಠ ಮಾಡಿದ್ದು ಸ್ಟ್ರೋಕ್ ಆದ್ರೂ ಉಳ್ಕೊಳತ್ತೆ. ಎಣಿಕೆ, ವಾರದ ಹೆಸ್ರು, ಪ್ರಾರ್ಥನೆ. ನಾನು ಇಂಗ್ಲಿಷಲ್ಲಿ ಒನ್ ಟೂ ತ್ರೀ ಹೇಳ್ಸಿ ನೋಡ್ದೆ, ಬರ್ಲಿಲ್ಲ, ಬಿಟ್ಬಿಟ್ಟೆ. ಆದ್ರೆ ತಪ್ಪು ಹಿಡಿಯೋದಿದ್ಯಲ್ಲ, ಅದು ಬಾಯಿಪಾಠ ಅಲ್ಲ. ಅದಕ್ಕೆ ಕೇಳಿಸ್ಕೋಬೇಕು, ಯೋಚಿಸ್ಬೇಕು. ಆಕೆ ಒಳಗಿದ್ದಾಳೆ ಅಕ್ಕಾ."

ಸ್ವಲ್ಪ ಹೊತ್ತಿಗೆ ದುಭಾಷಿ ಫೋನಿನಲ್ಲಿ ಬಂದಳು. ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದೆವು. ಅಜ್ಜಿ ಒಂದು ಸಾಲು ಹೇಳಿದ್ದೇ ತಡ, ಆ ಕಡೆಯಿಂದ ಕಿಸಕ್ಕೆಂದು ನಗು ಕೇಳಿಸಿತು, ಆಮೇಲೆ ಕ್ಷಮಿಸಿ ಎಂದಳು. ಇದು ಶಾಲೆಯದು, ನಾವೆಲ್ಲ ಪರೀಕ್ಷೆಗೆಂದು ಹೀಗೇ ಕಿರುಚಿ ಕಲಿತದ್ದು ಎಂದಳು. ನಮಗೆ ಹಳಗನ್ನಡ ಇರುವ ಹಾಗೆ ಅವರಿಗೊಂದು ಹಳೆಯ ಜಪಾನಿ ಇದೆಯಂತೆ. ಅದರ ಒಂದೊಂದು ಕ್ರಿಯಾಪದಕ್ಕೂ ಆರು ರೂಪ, ಆರಕ್ಕೂ ಹೆಸರುಂಟು, ಕ್ರಮ ತಪ್ಪುವ ಹಾಗಿಲ್ಲ. ಮೊದಲನೆಯದು ಇನ್ನೂ ಆಗದ್ದನ್ನು ಹೇಳಲು. ಎರಡನೆಯದು ಮತ್ತೊಂದು ಕ್ರಿಯೆಯ ಜೊತೆ ಹೆಣೆಯಲು. ಆಮೇಲೆ ವಾಕ್ಯ ಮುಗಿಸುವುದು, ನಾಮಪದದ ಮುಂದೆ ನಿಲ್ಲುವುದು, ಆಗಿಹೋದದ್ದರದು, ಕಟ್ಟಕಡೆಗೆ ಅಪ್ಪಣೆ. ಆಗದ್ದರಿಂದ ಶುರು ಮಾಡಿ ಅಪ್ಪಣೆಯಲ್ಲಿ ಮುಗಿಸುತ್ತಾರೆ, ಅತ್ತೆಯಂದಿರೇ ಕೂತು ಬರೆದ ವ್ಯಾಕರಣ ಇರಬೇಕು ಎಂದು ನಾನು ಅಂದೆ. ಮೈಸೂರಿನವಳು ನನ್ನ ಕಾಲು ತುಳಿದಳು.

"ಅಜ್ಜಿ ಹೇಳ್ತಿರೋದು ಯಾವ ಕ್ರಿಯಾಪದ?" ಎಂದು ಕೇಳಿದೆ.

"ಮೊದಲನೇದು ಬರುವುದು. ಎರಡನೇದು ಮಾಡುವುದು."

"ಹಾಗಾದರೆ ಬರಬೇಕು, ಮನೆಗೆ ಬರಬೇಕು ಅಂತೇನಾದರೂ..."

"ಇಲ್ಲ ಡಾಕ್ಟರ್," ಎಂದಳು ದುಭಾಷಿ ತಣ್ಣಗೆ. "ನೀವು ಮಗ್ಗಿ ಹೇಳುವಾಗ ಯಾರಿಗೂ ಏನನ್ನೂ ಎಣಿಸಿ ಕೊಡ್ತಿರೋದಿಲ್ಲ. ಇದೂ ಹಾಗೇ. ಅವರು ಏನನ್ನೂ ಕೇಳ್ತಿಲ್ಲ."

ಅಲ್ಲಿಗೆ ನನ್ನ ಅನುಮಾನಕ್ಕೆ ಮುದ್ರೆ ಬಿತ್ತು. ಮನೆ, ಗುಲಾಬಿ, ನೋವಿಲ್ಲ, ಎಲ್ಲವೂ ಮುದುಕನ ಸ್ವಂತ ಕೃತಿ. ಖುಷಿಯಾಯಿತೇ ಎಂದರೆ, ಹೌದು, ಒಂದು ಗಳಿಗೆ ಆಯಿತು. ಆಮೇಲೆ ಇದನ್ನು ಅವನ ಮುಂದೆ ನಾನೇ ಎತ್ತಬೇಕಲ್ಲ ಎಂಬುದು ನೆನಪಾಯಿತು.

ಗುರುವಾರ ಅವನನ್ನು ಸಂಬಂಧಿಕರ ಕೋಣೆಗೆ ಕರೆದುಕೊಂಡು ಹೋದೆ. ನೀಲಿ ಸೋಫಾ, ಕಾಗದದ ಕರವಸ್ತ್ರದ ಡಬ್ಬಿ, ಬೇರೆ ಏನೂ ಇಲ್ಲದ ಕೋಣೆ ಅದು. ಮುದುಕ ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಪೀಠಿಕೆ ಹಾಕುವ ತಾಳ್ಮೆ ನನಗಿರಲಿಲ್ಲ. ಸಾಲು ಹೇಳಿದೆ, ರಾಗ ಸಮೇತ, ಮತ್ತೆ ಕೇಳಿದೆ. "ಇದರ ಅರ್ಥ ಏನು ಹೇಳಿ."

ಅವನು ಬಹಳ ಹೊತ್ತು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ಅದು ಶನಿವಾರದ್ದು," ಎಂದ ಕೊನೆಗೆ.

"ಏನು ಶನಿವಾರದ್ದು?"

ಆಗ ಹೇಳಿದ. ಇಲ್ಲಿನ ಕಾರ್ಖಾನೆಗಳಿಗೆ ಜಪಾನಿನಿಂದ ಬಂದ ಕುಟುಂಬಗಳ ಮಕ್ಕಳು ಮುಂದೆ ವಾಪಸು ಹೋಗಿ ಅಲ್ಲಿನ ಪರೀಕ್ಷೆ ಬರೆಯಬೇಕಲ್ಲ, ಅವರಿಗೆ ಶನಿವಾರದ ಶಾಲೆ ನಡೆಯುತ್ತಿತ್ತಂತೆ. ಹೆಂಡತಿ ಅಲ್ಲಿ ಹಳೆಯ ಜಪಾನಿ ಕಲಿಸುತ್ತಿದ್ದಳು. ಇವನು ಕಾರಿನಲ್ಲಿ ಬಿಟ್ಟು, ಹೊರಗೇ ಪೇಪರ್ ಓದುತ್ತ ಕಾದು, ಕರೆದುಕೊಂಡು ಬರುತ್ತಿದ್ದ. ಕಿಟಕಿಯಿಂದ ಈ ಗದ್ದಲ ಕೇಳುತ್ತಿತ್ತು. ಅವಳೊಮ್ಮೆ, ಮಕ್ಕಳೊಮ್ಮೆ.

"ಅದೇನು ಅಂತ ಒಂದು ದಿನವಾದರೂ ಕೇಳಲಿಲ್ಲವೇ?"

"ಇಲ್ಲ ಡಕ್. ಕಾರು ಹತ್ತಿದ ಮೇಲೆ ಊಟಕ್ಕೇನು ಅಂತ ಮಾತಾಡ್ತಿದ್ವಿ."

"ನಿಮಗೆ ಜಪಾನಿ ಬರೋದಿಲ್ಲ."

"ಥ್ಯಾಂಕ್ಯೂ ಹೇಳೋಕೆ ಬರತ್ತೆ. ಮನೆಯಲ್ಲಿ ಯಾವಾಗಲೂ ಇಂಗ್ಲಿಷೇ. ಅವಳದು ನನಗಿಂತ ಚೆನ್ನಾಗಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ದನಿ ಏರಿಸಿದೆ, ಏರಿಸಬಾರದಿತ್ತು ಎಂದು ಈಗಲೂ ಅನ್ನಿಸಿಲ್ಲ. "ಆಕೆಗೆ ನಿಜವಾಗಿ ನೋವಿದ್ದಿದ್ದರೆ? ನಾನು ನೋವಿದೆಯಾ ಅಂತ ಕೇಳ್ತೀನಿ, ನೀವು ಇಲ್ಲ ಅಂತೀರಿ. ನಿಮ್ಮ ಮಾತು ನಂಬಿ ನಾನು ಮಾತ್ರೆ ಕೊಡದೆ ಹೋಗ್ತೀನಿ. ಏನಂದುಕೊಂಡಿದ್ದೀರಿ ನಮ್ಮನ್ನ?"

ಅವನು ತಲೆ ಎತ್ತಲಿಲ್ಲ. "ಅವಳು ಹೇಳೋದು ನನಗೆ ಒಂದಕ್ಷರ ತಿಳಿಯಲ್ಲ ಅಂದಿದ್ರೆ, ಅವಳನ್ನ ನನ್ನ ಜೊತೆ ಕಳಿಸ್ತಿದ್ರಾ?" ಎಂದ.

ಕಳಿಸುತ್ತಿರಲಿಲ್ಲ.

"ಅವಳಿಗೆ ಏನು ಬೇಕು ಅಂತ ನನಗೆ ಗೊತ್ತು ಡಕ್. ಮಾತು ತಿಳಿಯದಿದ್ರೂ ಗೊತ್ತು. ನಾನು ಸುಮ್ಮನೆ ಕಟ್ಟಿ ಹೇಳಿದ್ದಲ್ಲ." ಹಾಗೆ ಹೇಳುತ್ತ ಡಬ್ಬಿಯಿಂದ ಒಂದು ಕರವಸ್ತ್ರ ಎಳೆದು ಕಣ್ಣೊರೆಸಿಕೊಂಡ. ನಿಜವಾಗಿ ಅಳುತ್ತಿದ್ದನೋ, ನನಗೆ ಕಾಣಲಿ ಎಂದು ಒರೆಸಿಕೊಂಡನೋ. ಅಷ್ಟಾದ ಮೇಲೂ ನನ್ನ ತಲೆಯೊಳಗಿನ ಪಿಶಾಚಿ ಕೇಳುತ್ತಲೇ ಇತ್ತು.

"ನಿಮಗೆ ಗೊತ್ತಿದೆಯೋ ಇಲ್ಲವೋ ನಾಳೆ ಆಕೆಯನ್ನೇ ಕೇಳ್ತೀವಿ," ಎಂದು ಎದ್ದೆ.

ಸಂಜೆ ಚಹಾ ಕುಡಿಯುವಾಗ ಮನೆಯಲ್ಲಿ ವಿಷಯ ಹೇಳಿದೆ, ಹೆಸರು ಊರು ಬಿಟ್ಟು. ಗಂಡ ಚಕ್ಕುಲಿ ಮುರಿಯುತ್ತ, "ನಿನಗ್ಯಾಕ ಬೇಕ ಆ ಮುದುಕನ ಉಸಾಬರಿ? ಇಷ್ಟ ವರ್ಷ ಸಂಸಾರ ಮಾಡ್ಯಾರ, ನಡಿಸ್ಕೊಂಡ ಹೋಗ್ಲಿ ಬಿಡು," ಎಂದರು. ಮಗಳು ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತ ಕೂತಿದ್ದಳು. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಎದುರಾಡುತ್ತಾಳೆ. ನಾಳೆ ನನ್ನ ಇಂಗ್ಲಿಷ್ ಮರೆತುಹೋದರೆ ಏನು ಮಾಡ್ತೀಯವ್ವಾ ಎಂದು ಕೇಳಿದೆ. ತಲೆ ಎತ್ತದೆ, ಅದಕ್ಕೆಲ್ಲ ಆ್ಯಪ್ ಇದೆ ಮಮ್ಮಿ, ಎಂದಳು ಇಂಗ್ಲಿಷಿನಲ್ಲಿ. ಗಂಡ ಜೋರಾಗಿ ನಕ್ಕರು. ನಾನು ಚಹಾದ ಕಪ್ಪು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಇದ್ದ ಪಾತ್ರೆಯನ್ನೆಲ್ಲ ಸದ್ದು ಮಾಡಿ ತೊಳೆದೆ.

ಶುಕ್ರವಾರ ಮೀಟಿಂಗನ್ನು ಅಜ್ಜಿಯ ಕುರ್ಚಿಯ ಸುತ್ತಲೇ ಇಟ್ಟುಕೊಂಡೆವು. ನಾನು ಪಟ್ಟು ಹಿಡಿದಿದ್ದೆ. ನಾನು, ಮೈಸೂರಿನವಳು, ಕೌನ್ಸಿಲ್ಲಿನ ಸೋಶಿಯಲ್ ವರ್ಕರ್, ಮುದುಕ. ಮೇಜಿನ ಮೇಲೆ ಸ್ಪೀಕರ್ ಹಾಕಿದ ಫೋನು, ಅದರ ಪಕ್ಕ ಎರಡು ಫೋಟೋ. ಒಂದು ಅವರದೇ ಮನೆ, ಕೆಂಪು ಇಟ್ಟಿಗೆಯ ಮುಂಬಾಗಿಲು. ಇನ್ನೊಂದು ಜಾಗ ಖಾಲಿಯಿದ್ದ ನರ್ಸಿಂಗ್ ಹೋಮಿನದು, ಬಿಸಿಲು ಬಿದ್ದ ಒಂದು ಕೋಣೆ.

ಮೊದಲು ಮೈಸೂರಿನವಳು ಒಂದು ಚಮಚ ಎತ್ತಿ ಹಿಡಿದು ಸುಲಭದ್ದನ್ನು ಕೇಳಿಸಿದಳು. ಇದು ಚಮಚವೇ? ದುಭಾಷಿ ಜಪಾನಿಯಲ್ಲಿ ಕೇಳಿದಳು, ಅಜ್ಜಿ ಹೌದೆಂದು ತಲೆಯಾಡಿಸಿದಳು. ಇದು ಬೆಕ್ಕೇ? ಅಲ್ಲ. ಇದು ಆಸ್ಪತ್ರೆಯೇ? ಹೌದು. ನೋವಿದೆಯೇ? ಅಜ್ಜಿ ಎಡಗೈಯನ್ನು ಬಲ ಹೆಗಲಿನ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ತೆರೆದಳು. ಹೌದು. ನಾನು ಮುದುಕನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

ಆಮೇಲೆ ದುಭಾಷಿ ದೊಡ್ಡ ಪ್ರಶ್ನೆಯನ್ನು ನಿಧಾನವಾಗಿ ಬಿಡಿಸಿ ಕೇಳಿದಳು. ಈ ಮನೆಗೆ ಹೋದರೆ ಗಂಡ ಒಬ್ಬರೇ ನೋಡಿಕೊಳ್ಳಬೇಕು, ದಿನಕ್ಕೆ ಕೆಲವು ಸಲ ಸಹಾಯಕ್ಕೆ ಜನ ಬಂದು ಹೋಗುತ್ತಾರೆ. ಇಲ್ಲಿಗೆ ಹೋದರೆ ನರ್ಸುಗಳು ಇರುತ್ತಾರೆ, ಗಂಡ ಬಂದು ಹೋಗುತ್ತಾರೆ. ಎಲ್ಲಿಗೆ ಹೋಗಲು ಇಷ್ಟ?

ಅಜ್ಜಿ ಎರಡೂ ಫೋಟೋ ನೋಡಿದಳು. ಮನೆಯ ಫೋಟೋವನ್ನು ಹೆಚ್ಚು ಹೊತ್ತು ನೋಡಿದಳು. ಮುದುಕ ಕುರ್ಚಿಯ ತುದಿಗೆ ಬಂದಿದ್ದ. ಆಕೆಯ ಬೆರಳು ನರ್ಸಿಂಗ್ ಹೋಮಿನ ಮೇಲೆ ಇಳಿಯಿತು.

"ಅವಳಿಗೆ ಫೋಟೋ ಗೊತ್ತಾಗ್ತಿಲ್ಲ," ಎಂದ ಮುದುಕ. ದನಿ ಕೀರಲಾಗಿತ್ತು. "ಎಡಗಡೆ ಇರೋದನ್ನೇ ತೋರಿಸ್ತಾಳೆ ಅಷ್ಟೆ. ಎಡಗೈ ಅಲ್ವಾ?"

ಸುಳ್ಳಲ್ಲ, ಅಂಥ ತಪ್ಪು ಆಗುವುದುಂಟು. ನನಗೂ ಅದೇ ಅನುಮಾನ ಬಂದಿತ್ತು. ಮೈಸೂರಿನವಳು ಫೋಟೋಗಳನ್ನು ಅದಲುಬದಲು ಮಾಡಿದಳು. ದುಭಾಷಿ ಮತ್ತೆ ಕೇಳಿದಳು, ಈ ಸಲ ಮಾತಿನ ಕ್ರಮವನ್ನೂ ತಿರುಗಿಸಿ. ಅಜ್ಜಿ ಕೈ ಅಡ್ಡ ಚಾಚಿ ಮತ್ತೆ ಅದೇ ಕೋಣೆಯನ್ನು ಮುಟ್ಟಿದಳು.

ಇಷ್ಟು ದಿನ ನಾನು ಬೇಟೆಯಾಡಿದ್ದು ಈ ಗಳಿಗೆಗಾಗಿಯೇ, ಆದರೆ ಸಿಕ್ಕಾಗ ಬೇಡವಾಗಿತ್ತು. ಮನೆಯನ್ನೇ ಮುಟ್ಟಬಾರದಿತ್ತೇ ಈಕೆ ಅನ್ನಿಸಿತು.

ಅಜ್ಜಿ ಗಂಡನ ಕೈ ಹಿಡಿದು ಎಳೆದಳು. ಅವನ ತೋರುಬೆರಳನ್ನು ಬಿಡಿಸಿ, ಅದನ್ನು ಆ ಬಿಸಿಲಿನ ಕೋಣೆಯ ಮೇಲೆ ಇಟ್ಟು, ಅದರ ಮೇಲೆ ತನ್ನ ಅಂಗೈ ಒತ್ತಿದಳು. ನೀನೂ ಬಾ ಎಂದೋ, ನೀನೂ ಒಪ್ಪಿಕೋ ಎಂದೋ, ನಿನ್ನ ಕೈಲಿ ಆಗುವುದಿಲ್ಲ ಮುದುಕಾ ಎಂದೋ. ನಾವೆಲ್ಲ ಅಭ್ಯಾಸಬಲದಿಂದ ಅವನ ಮುಖ ನೋಡಿದೆವು. ಅವನು ಬಾಯಿ ತೆರೆದ. ಇನ್ನೇನು ಒಂದು ಅರ್ಥ ಹೇಳುತ್ತಾನೆ ಎಂದುಕೊಂಡೆ. ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗಿದ.

"ಏನು ಹೇಳ್ತಿದ್ದಾಳೆ, ಡಕ್?"

"ನನಗೆ ಗೊತ್ತಿಲ್ಲ," ಎಂದೆ. "ನೀವೇ ಕೇಳಿ." ಫೋನನ್ನು ಅವನ ಮುಂದೆ ಸರಿಸಿದೆ.

ಮುದುಕ ಬಗ್ಗಿ, ಕಿವಿ ಕೇಳದವರ ಜೊತೆ ಮಾತಾಡುವ ಹಾಗೆ ಫೋನಿಗೆ ಜೋರಾಗಿ ಹೇಳಿದ. "ನನ್ನ ಮೇಲೆ ಸಿಟ್ಟಾ ಅಂತ ಕೇಳಿ."

ದುಭಾಷಿ ಜಪಾನಿಯಲ್ಲಿ ಕೇಳತೊಡಗಿದಳು. ಅವಳ ಮಾತು ಮುಗಿಯುವ ಮೊದಲೇ ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು.